ವಾಸದ ಮನೆ

ಫೆಬ್ರವರಿ 9, ಸೋಮವಾರ

ಅಣ್ಣನ ಮನೆಯ ಅತಿಥಿಗಳಿಗೆ ಇವತ್ತು ಬೆಳಗಿನ ತಿಂಡಿ ನಾನೇ ಕೊಟ್ಟೆ. ಕೊಟ್ಟೆ ಎನ್ನುವುದಕ್ಕಿಂತ ಅವರ ಮುಂದೆ ಇಟ್ಟೆ ಎನ್ನಬೇಕು. ಅಣ್ಣ ಬಡಿಸುವ ರೀತಿಯೇ ಬೇರೆ. ಬ್ರೆಡ್ಡಿನ ಜೊತೆ ಒಂದು ಕಥೆ, ಮೊಟ್ಟೆಯ ಜೊತೆ ಇನ್ನೊಂದು ಕಥೆ; ಚಹಾ ಮುಗಿಯುವ ಹೊತ್ತಿಗೆ ಬಂದವರು ತಾವು ದುಡ್ಡು ಕೊಟ್ಟು ಉಳಿದುಕೊಂಡವರು ಎನ್ನುವುದನ್ನೇ ಮರೆತಿರುತ್ತಾರೆ. ನಾನು ತಟ್ಟೆ ಇಟ್ಟು, ‘ಉಪ್ಪು ಅಲ್ಲಿದೆ’ ಎಂದೆ. ಗಂಡ ಹೆಂಡತಿ ಇಬ್ಬರೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ತಲೆ ಬಗ್ಗಿಸಿ ತಿಂದು ಎದ್ದರು.

ಗುರುವಾರ ಅಣ್ಣ ಕೆಳಗಿನ ಕೋಣೆಯಲ್ಲಿ ದಿಂಬಿನ ಚೀಲ ಬದಲಾಯಿಸುತ್ತಿದ್ದವನು ಹಾಗೆಯೇ ಮಂಚದ ಪಕ್ಕ ಕುಸಿದ. ಪಾರ್ಶ್ವವಾಯು. ಬಲಗೈ, ಬಲಗಾಲು ಅವನ ಮಾತು ಕೇಳುತ್ತಿಲ್ಲ. ನಾಲಿಗೆ ಅರ್ಧ ಕೇಳುತ್ತದೆ. ದಿನವಿಡೀ ವಟಗುಟ್ಟುತ್ತಿದ್ದವನು ಈಗ ಒಂದೊಂದು ಮಾತಿಗೂ ಮೂಟೆ ಎತ್ತುವವನ ಹಾಗೆ ಬೆವರುತ್ತಾನೆ. ಮನೆಯಲ್ಲಿ ನನಗೆ ಮಾತಿಗೆ ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಪುರಸಭೆಯಿಂದ ಅವನ ಹೆಸರಿಗೆ ಒಂದು ನೋಟೀಸು ಬಂದಿದೆ. ಬೇರೆಯವರ ಕಾಗದ ಒಡೆಯುವ ಅಭ್ಯಾಸ ನನಗಿಲ್ಲ. ಆದರೆ ಲಕೋಟೆಯ ಮೇಲೆ ಕೆಂಪು ಮೊಹರು. ಕೂದಲು ನೆರೆಯುವವರೆಗೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳಿಗೆ ಕೆಂಪು ಮೊಹರಿನ ಅರ್ಥ ಗೊತ್ತಿರುತ್ತದೆ. ಒಡೆದೆ. ದಿನಬಾಡಿಗೆಯ ಕೋಣೆಗಳಿಗೆ ಊರಿನ ತೆರಿಗೆ ಕಟ್ಟಿಲ್ಲವಂತೆ. ಬಂದು ವಿವರಣೆ ಕೊಡಬೇಕಂತೆ.

ಕೊಡಬೇಕಾದವನು ಆಸ್ಪತ್ರೆಯಲ್ಲಿದ್ದಾನೆ. ನಾನು ಯಾಕೆ ತಲೆ ಕೆಡಿಸಿಕೊಳ್ಳಲಿ? ನಾನೂ ಈ ಮನೆಯಲ್ಲಿ ವಾರ ವಾರ ಬಾಡಿಗೆ ಕೊಟ್ಟು ಇರುವವಳು.

ಫೆಬ್ರವರಿ 12, ಗುರುವಾರ

ತಲೆ ಕೆಡಿಸಿಕೊಂಡೆ. ಪುರಸಭೆಗೆ ಹೋದೆ.

ತೆರಿಗೆ ವಿಭಾಗದ ಎರಡನೇ ಕಿಟಕಿಯಲ್ಲಿ ದಪ್ಪ ಕನ್ನಡಕದ ಒಬ್ಬಳು ಹೆಂಗಸು. ಜೋರು ನೆಗಡಿ ಬೇರೆ. ಮೂಗು ಒರೆಸಿಕೊಳ್ಳುತ್ತಲೇ ನೋಟೀಸು ಓದಿದಳು.

“ಇದನ್ನ ಬುಕಿಂಗ್ ಆ್ಯಪ್‌ನವರು ಕಟ್ತಾರಲ್ಲ? ನಮ್ಮಣ್ಣ ಹಾಗೆ ಹೇಳ್ತಿದ್ದ,” ಎಂದೆ.

“ಅವರು ಕಟ್ಟೋದು ರಾಜ್ಯದ ತೆರಿಗೆ. ಇದು ಊರಿಂದು.”

“ಒಂದೇ ಹಾಸಿಗೆಗೆ ಎರಡು ತೆರಿಗೆನಾ?”

“ಎರಡು. ರಾಜ್ಯದ ಪಾಲನ್ನ ಆ್ಯಪ್‌ನವರು ಅತಿಥಿ ಹತ್ರ ಮೊದಲೇ ಹಿಡ್ಕೊಂಡು ನೇರ ಕಟ್ಟಿಬಿಡ್ತಾರೆ. ಊರಿನ ಪಾಲನ್ನ ಮನೆಯವರೇ ಅತಿಥಿ ಹತ್ರ ತಗೊಂಡು, ಮೂರು ತಿಂಗಳಿಗೊಮ್ಮೆ ಇಲ್ಲಿ ತಂದು ಕಟ್ಟಬೇಕು. ಆ್ಯಪ್ ಇಲ್ಲದೆ ಸೀದಾ ಬರೋರ ಲೆಕ್ಕದಲ್ಲಿ ಎರಡೂ ಮನೆಯವರದೇ ಜವಾಬ್ದಾರಿ.”

“ಹಸು ಒಂದೇ, ಕರೆಯೋರು ಇಬ್ಬರು ಅಂದ ಹಾಗಾಯ್ತು.”

ಅವಳು ಮೊದಲ ಸಲ ತಲೆ ಎತ್ತಿ ನನ್ನನ್ನು ಸರಿಯಾಗಿ ನೋಡಿದಳು. “ಹಸು ಅತಿಥಿ, ಅಮ್ಮ. ಕರೆಯೋರು ನಾವು. ಮನೆಯವರು ಬರೀ ಚೊಂಬು ಹಿಡ್ಕೊಂಡು ನಿಂತಿರೋರು. ನಿಮ್ಮಣ್ಣ ಒಂದು ಚೊಂಬು ತರೋದನ್ನೇ ಮರೆತುಬಿಟ್ಟಿದ್ದಾರೆ.”

ನನಗೆ ನಗು ಬಂತು, ನಗಲಿಲ್ಲ. ಬಾಕಿಯನ್ನು ಕಂತಿನಲ್ಲಿ ಕಟ್ಟಬಹುದಂತೆ. ಅಣ್ಣ ಕದ್ದಿಲ್ಲ, ತಿಳಿಯದೆ ಬಿಟ್ಟಿದ್ದಾನೆ, ಅದನ್ನು ಬರೆದುಕೊಂಡಳು. ಮನೆ ನೋಡಲು ಒಂದು ದಿನ ಬರುತ್ತಾಳಂತೆ. ಬರಲಿ. ಮನೆ ಚೊಕ್ಕಟವಾಗಿದೆ.

ಫೆಬ್ರವರಿ 13, ಶುಕ್ರವಾರ

ಆಸ್ಪತ್ರೆ. ಅಣ್ಣನಿಗೆ ತೆರಿಗೆಯ ಮಾತು ಹೇಳಲಿಲ್ಲ. ಅವನು ‘ದಿಂಬು’ ಎಂದ. ತಲೆಯ ಕೆಳಗಿನದನ್ನು ಸರಿಮಾಡಿದೆ. ಅಲ್ಲ ಎಂದು ಕಣ್ಣು ಮುಚ್ಚಿ ತೆರೆದ. ಕೆಳಗಿನ ಕೋಣೆಯ ದಿಂಬಿಗೆ ಚೀಲ ಹಾಕಿದೆಯಾ ಎಂದು ಕೇಳುತ್ತಿದ್ದಾನೆಂದು ವಾಪಸ್ ಬಂದ ಮೇಲೆ ಹೊಳೆಯಿತು.

ಹಾಕಿದ್ದೆ.

ಫೆಬ್ರವರಿ 17, ಮಂಗಳವಾರ

ಕಿವಿಯಂತ್ರದವನು ಬಂದ. ಕಿವಿ ಕೇಳದವರಿಗೆ ಯಂತ್ರ ಮಾರುತ್ತ ಊರೂರು ಅಲೆಯುವ ಮನುಷ್ಯ; ಈ ಊರಿಗೆ ಬಂದಾಗಲೆಲ್ಲ ಇಲ್ಲೇ ಇಳಿದುಕೊಳ್ಳುತ್ತಾನೆ. ಕಿವುಡರ ಜೊತೆಗೇ ವ್ಯವಹಾರ ಮಾಡಿ ಮಾಡಿ ‘ನೀರು ಕೊಡಿ’ ಎನ್ನುವುದನ್ನೂ ಬೀದಿಗೆ ಕೇಳುವ ಹಾಗೆ ಕೂಗುತ್ತಾನೆ.

ಅಣ್ಣನ ಸುದ್ದಿ ಕೇಳಿ ಬಾಗಿಲಲ್ಲೇ ಚೀಲ ಇಟ್ಟು ಕೂತುಬಿಟ್ಟ. ಆಮೇಲೆ, “ಅಕ್ಕಾ, ನಿಮ್ಮಣ್ಣನ ರೈಲಿನ ಕಥೆ ನಾನು ಹತ್ತು ಸಲ ಕೇಳಿದ್ದೀನಿ. ಹನ್ನೊಂದನೇ ಸಲ ಕೇಳೋಣ ಅಂತ ಬಂದೆ,” ಎಂದ.

ಆ ಕಥೆ ಇಷ್ಟೇ: ಅಣ್ಣ ಒಮ್ಮೆ ನನ್ನ ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ. ‘ನಾನು ನಿನ್ನ ಅಣ್ಣ ಕಣೇ’ ಅಂದ. ‘ಅಣ್ಣನಿಗೆ ರಿಯಾಯಿತಿ ಇಲ್ಲ’ ಎಂದು ದಂಡದ ಚೀಟಿ ಹರಿದುಕೊಟ್ಟೆ. ಅದನ್ನು ಅವನು ಚೌಕಟ್ಟು ಹಾಕಿಸಿ ಊಟದ ಮೇಜಿನ ಪಕ್ಕದ ಗೋಡೆಗೆ ನೇತುಹಾಕಿದ್ದಾನೆ. ಬಂದವರಿಗೆಲ್ಲ ತೋರಿಸಿ, ‘ನನ್ನ ತಂಗಿಯ ಪ್ರೇಮಪತ್ರ’ ಎನ್ನುತ್ತಾನೆ.

ಬಿಲ್ಲಿನ ಮಾತು ಬಂದಾಗ ಕಿವಿಯಂತ್ರದವನಿಗೆ ಎರಡೂ ತೆರಿಗೆ ಸೇರಿಸಿ ಹೇಳಿದೆ.

“ತೆರಿಗೆನಾ? ಸೀದಾ ಬನ್ನಿ, ಆ್ಯಪ್ ಬೇಡ, ತೆರಿಗೆ ಉಳಿಯುತ್ತೆ ಅಂತ ಅವರೇ ಹೇಳಿದ್ರಲ್ಲ ಅಕ್ಕಾ!”

“ಅವನು ನಿಮಗೆ ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿದ್ದ. ಉಳಿಯಲ್ಲ, ಮುಂದಕ್ಕೆ ಹೋಗುತ್ತೆ ಅಷ್ಟೇ. ಕೊಡಿ.”

ಕೊಟ್ಟ. ಬೀದಿಗೆ ಕೇಳುವ ಹಾಗೆ ನಿಟ್ಟುಸಿರು ಬಿಟ್ಟು ಕೊಟ್ಟ.

ಫೆಬ್ರವರಿ 23, ಸೋಮವಾರ

ಎರಡನೇ ಕಿಟಕಿಯವಳು ಬಂದಿದ್ದಳು. ನೆಗಡಿ ವಾಸಿಯಾಗಿದೆ. ಎಲ್ಲ ಕೋಣೆಗಳನ್ನೂ ನೋಡಿದಳು: ಕೆಳಗೆ ಅತಿಥಿಗಳ ಎರಡು ಕೋಣೆ, ಮೇಲೆ ಇನ್ನೊಂದು, ಅದರ ಪಕ್ಕ ಅಣ್ಣನದು, ಹಿಂದುಗಡೆ ನಾನಿರುವುದು. ನನ್ನ ಕೋಣೆಯಲ್ಲಿ ನೋಡುವುದೇನಿಲ್ಲ. ಒಂದು ಮಂಚ, ಕುರ್ಚಿ, ಕುರ್ಚಿಯ ಮೇಲೆ ನನ್ನ ಸೂಟ್‌ಕೇಸು. ಬೀರು ಖಾಲಿ. ಬಟ್ಟೆ ನಾನು ಪೆಟ್ಟಿಗೆಯಲ್ಲೇ ಇಡುವುದು.

ಆಮೇಲೆ ಊಟದ ಮೇಜಿನಲ್ಲಿ ಕೂತು ಅತಿಥಿಗಳ ಪುಸ್ತಕ ತಿರುವಿದಳು. ತಿರುವುತ್ತ ತಿರುವುತ್ತ ಅವಳ ಬೆರಳು ನಿಧಾನವಾಯಿತು.

“ಈ ಒಂದು ಹೆಸರು ತಿಂಗಳು ತಿಂಗಳೂ ಇದೆ. ತಿಂಗಳ ಕೊನೆಗೆ ಹೋಗ್ತಾರೆ, ನಾಲ್ಕೈದು ದಿನ ಬಿಟ್ಟು ಮತ್ತೆ ಬರ್ತಾರೆ. ಯಾರಿವರು?”

“ನಾನು.”

“ನೀವು ತಂಗಿ ಅಂದ್ರಲ್ಲ?”

“ತಂಗಿನೇ. ಬಾಡಿಗೆ ಕೊಟ್ಟು ಇರ್ತೀನಿ. ಕೊನೇ ವಾರ ಪಕ್ಕದೂರಿನ ಗೆಳತಿ ಮನೆಗೆ ಹೋಗ್ತೀನಿ. ಯಾರ ಮನೇಲೂ ತಿಂಗಳು ತುಂಬಿಸಬಾರದು.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಅಮ್ಮ, ನೀವು ಎಂಥ ಕೆಲಸ ಮಾಡಿದ್ದೀರ ಗೊತ್ತಾ? ತಿಂಗಳಿಗಿಂತ ಹೆಚ್ಚು ಒಂದೇ ಸಮ ಇದ್ದವರನ್ನ ಕಾನೂನು ನಿವಾಸಿ ಅನ್ನುತ್ತೆ, ತೆರಿಗೆ ಇಲ್ಲ. ಮಧ್ಯೆ ಬಿಟ್ಟು ಹೋಗಿ ಬಂದರೆ ಪ್ರತಿ ಸಲವೂ ಹೊಸ ಅತಿಥಿ. ನೀವು ಇಷ್ಟು ವರ್ಷವೂ ನಿಮ್ಮಣ್ಣನ ಮನೆಗೆ ದಿನಬಾಡಿಗೆ ಅತಿಥಿ.”

“ಹೌದು. ಅದರಲ್ಲಿ ತಪ್ಪೇನು?”

“ತಪ್ಪಲ್ಲ. ಆದರೆ ಈಗ ಈ ಮನೇಲಿ ವಾಸ ಇರೋರು ಯಾರು?”

“ಅಣ್ಣ.”

“ಅವರು ಆಸ್ಪತ್ರೆಯಲ್ಲಿದ್ದಾರೆ. ಅವರ ಬಿಟ್ಟರೆ?”

ಅವಳೇ ಬಿಡಿಸಿ ಹೇಳಿದಳು. ಮನೆಯವರು ವಾಸವಿದ್ದು, ಮಿಕ್ಕ ಕೋಣೆಗಳನ್ನು ಬಾಡಿಗೆಗೆ ಕೊಟ್ಟರೆ ಅದು ವಾಸದ ಮನೆ. ತೆರಿಗೆ ಕಡಿಮೆ, ಪರವಾನಗಿಯೂ ಇರುತ್ತದೆ. ಮನೆಯವರು ಯಾರೂ ವಾಸವಿಲ್ಲದಿದ್ದರೆ ಅದು ವಸತಿಗೃಹ. ತೆರಿಗೆ ಹಲವು ಪಟ್ಟು. ಅದೂ ಅಲ್ಲದೆ ಈ ಬೀದಿಯಲ್ಲಿ ವಸತಿಗೃಹಕ್ಕೆ ಅನುಮತಿಯೇ ಇಲ್ಲ; ಪರವಾನಗಿ ಹೋಗುತ್ತದೆ. ಅಣ್ಣ ಅಂಗಡಿಗಳ ಬೋರ್ಡು ಬರೆದು ಬದುಕಿದವನು, ಪಿಂಚಣಿ ಇಲ್ಲ. ಕೋಣೆಗಳು ನಿಂತರೆ ಮನೆ ನಿಲ್ಲುವುದಿಲ್ಲ.

“ಮಾರ್ಚ್ ಕೊನೆಯವರೆಗೆ ಗಡುವು ಕೊಡ್ತೀನಿ. ಮನೆಯವರೊಬ್ಬರು ‘ಇದು ನನ್ನ ವಾಸದ ಮನೆ’ ಅಂತ ಸಹಿ ಹಾಕಬೇಕು. ಹಾಕಿದ ಮೇಲೆ ತಿಂಗಳು ತಿಂಗಳು ಎದ್ದು ಹೋಗೋ ಹಾಗಿಲ್ಲ, ಬಾಡಿಗೆ ಕೊಡೋ ಹಾಗೂ ಇಲ್ಲ. ತೆರಿಗೆಗೂ ಅವರೇ ಹೊಣೆ. ಯೋಚನೆ ಮಾಡಿ.”

ಹೋಗುವಾಗ ಗೋಡೆಯ ಮೇಲಿನ ದಂಡದ ಚೀಟಿಯನ್ನು ನೋಡಿ ನಿಂತಳು.

ಫೆಬ್ರವರಿ 24, ಮಂಗಳವಾರ

ಅವಳಿಗೇನು ಗೊತ್ತು? ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸೋದರತ್ತೆ ಸಾಕಿದಳು. ಸಾಕಿದಳು ಎನ್ನಬೇಕು, ಸುಳ್ಳು ಹೇಳಬಾರದು. ಹೊಡೆಯಲಿಲ್ಲ, ಬೈಯಲಿಲ್ಲ. ಉಣ್ಣುವಾಗ ಎದುರಿಗೆ ಕೂತು ನೋಡುತ್ತಿದ್ದಳು, ಅಷ್ಟೇ. ತುತ್ತು ತಟ್ಟೆಯಿಂದ ಬಾಯಿಗೆ ಹೋಗುವವರೆಗೆ ಅವಳ ಕಣ್ಣು ಅದರ ಜೊತೆಯಲ್ಲೇ ನಡೆದು ಬರುತ್ತಿತ್ತು. ನೆಂಟರು ಬಂದರೆ, ‘ಪಾಪ, ಇನ್ನೆಲ್ಲಿ ಹೋಗ್ತಾವೆ’ ಎಂದು ನಮ್ಮ ತಲೆ ಸವರುತ್ತಿದ್ದಳು.

ಒಂದೇ ಒಲೆಯಲ್ಲಿ ಬೆಂದರೂ ಎರಡು ಮಡಿಕೆ ಎರಡು ಬಣ್ಣಕ್ಕೆ ತಿರುಗಿದವು. ಆ ಮನೆಯಿಂದ ಹೊರಟ ದಿನ ಅಣ್ಣ, ದೊಡ್ಡವನಾದ ಮೇಲೆ ಬಂದವರಿಗೆಲ್ಲ ಊಟ ಹಾಕುತ್ತೇನೆ ಎಂದ. ನಾನು, ಯಾರ ಮನೆಯಲ್ಲೂ ದುಡ್ಡು ಕೊಡದೆ ಒಂದು ಲೋಟ ನೀರೂ ಕುಡಿಯುವುದಿಲ್ಲ ಎಂದೆ. ಇಬ್ಬರೂ ಮಾತು ಉಳಿಸಿಕೊಂಡಿದ್ದೇವೆ. ಕೆಲಸ ಇರುವವರೆಗೂ ಬಾಡಿಗೆ ಕೋಣೆಗಳಲ್ಲೇ ಕಳೆದೆ. ನಿವೃತ್ತಿಯಾದ ಮೇಲೆ ಅಣ್ಣ ಕರೆದ. ಬಾಡಿಗೆ ತೆಗೆದುಕೊಳ್ಳುವುದಾದರೆ ಬರುತ್ತೇನೆ ಎಂದೆ. ‘ತಗೋತೀನಿ ಮಾರಾಯ್ತಿ, ರಸೀದಿನೂ ಕೊಡ್ತೀನಿ’ ಎಂದ. ಕೊಟ್ಟ ಕೂಡ.

ಈಗ ಈ ಕನ್ನಡಕದವಳು ಬಂದು ‘ನನ್ನ ಮನೆ’ ಎಂದು ಬರೆ ಎನ್ನುತ್ತಾಳೆ. ನನ್ನ ಕೈಯಲ್ಲಿ ಆಗುವ ಮಾತಲ್ಲ.

ಮಾರ್ಚ್ 1, ಭಾನುವಾರ

ಫೆಬ್ರವರಿ ಕೊನೆಗೆ ಗೆಳತಿಯ ಮನೆಗೆ ಹೋಗಲಾಗಲಿಲ್ಲ. ಮೂರು ಕೋಣೆಯಲ್ಲೂ ಜನ. ಬಿಟ್ಟು ಹೋಗುವುದು ಹೇಗೆ? ಈ ತಿಂಗಳ ಕೊನೆಗೆ ಬಂದು ಎರಡು ವಾರ ಇದ್ದು ಸರಿದೂಗಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದೆ.

ವಾರದ ಬಾಡಿಗೆ ಕೊಡುವ ದಿನವೂ ಹೌದು. ಲಕೋಟೆಯನ್ನು ಆಸ್ಪತ್ರೆಗೇ ತೆಗೆದುಕೊಂಡು ಹೋಗಿ ಅಣ್ಣನ ಎಡಗೈಯಲ್ಲಿಟ್ಟೆ. ನರ್ಸು ತನಗೇ ಬಂದ ಇನಾಮೆಂದು ತಿಳಿದು, “ಅಯ್ಯೋ, ನಾವು ತಗೋಬಾರದು ಅಮ್ಮ,” ಎಂದಳು. ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಮುಖದ ಒಂದೇ ಪಕ್ಕ ನಗುತ್ತದೆ; ಇನ್ನೊಂದು ಪಕ್ಕ ಯಾರದೋ ಸಾವಿಗೆ ಬಂದವರ ಹಾಗೆ ಸುಮ್ಮನಿರುತ್ತದೆ. ನೋಡಲಾರದೆ ಕಿಟಕಿಯ ಕಡೆ ತಿರುಗಿದೆ.

ತಿರುಗಿ ನೋಡಿದಾಗ ಲಕೋಟೆ ನನ್ನ ಚೀಲದಲ್ಲಿತ್ತು. ಒಂದು ಕೈಯಲ್ಲಿ ಹೇಗೆ ಹಾಕಿದನೋ.

ಮಾರ್ಚ್ 4, ಬುಧವಾರ

ಕಿವಿಯಂತ್ರದವನಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು. ಆ ಗಂಟಲಿಗೆ ಗುಟ್ಟು ಹೇಳುವುದೂ ಒಂದೇ, ತಮಟೆ ಹೊಡೆಯುವುದೂ ಒಂದೇ.

“ಇದಕ್ಯಾಕೆ ಅಕ್ಕಾ ಇಷ್ಟು ಒದ್ದಾಟ? ನಿಮ್ಮ ಹೆಸರಿರೋ ಹಾಳೆ ಹರಿದು ಒಲೆಗೆ ಹಾಕಿ. ಮೊದಲಿಂದ ಮನೆಯವಳೇ ಅಂತ ಸಹಿ ಹಾಕಿ. ತೆರಿಗೆನೂ ಉಳೀತು, ಮನೆನೂ ಉಳೀತು.”

“ಅವಳು ನೋಡಿ ಆಗಿದೆ.”

“ನೋಡಿದ್ದಾಳೆ, ಫೋಟೋ ತೆಗೆದಿಲ್ಲವಲ್ಲ!”

“ಮೆಲ್ಲಗೆ ಮಾತಾಡಿ. ಟಿಕೆಟ್ ಇಲ್ಲದೆ ಸಿಕ್ಕಿದವರೆಲ್ಲ ನನಗೆ ಹೇಳ್ತಿದ್ದದ್ದು ಇದೇ ಮಾತು. ‘ಯಾರು ನೋಡಿದ್ರು ಬಿಡಿ ಮೇಡಂ.’ ನಾನು ನೋಡಿದೆ ಅಂತ ಚೀಟಿ ಹರೀತಿದ್ದೆ.”

ಅವನು ಚಹಾ ಕುಡಿದು, ಈ ಸಲ ನಿಜವಾಗಿಯೂ ಮೆಲ್ಲಗೆ ಹೇಳಿದ: “ನೀವು ಅತಿಥಿ ಆಗಿದ್ದರೆ ನಮ್ಮನ್ನ ಹೀಗೆ ಬೈತಿರಲಿಲ್ಲ ಅಕ್ಕಾ. ಅತಿಥಿಗಳು ಅತಿಥಿಗಳನ್ನ ಬೈಯಲ್ಲ.”

ಅಧಿಕಪ್ರಸಂಗಿ. ಹೋಗುವಾಗ ಗೇಟು ಹಾಕದೆ ಹೋದ. ಹಿಂದಕ್ಕೆ ಕರೆದು ಹಾಕಿಸಿದೆ.

ಮಾರ್ಚ್ 9, ಸೋಮವಾರ

ಅಣ್ಣ ಇವತ್ತು ಕೋಲು ಹಿಡಿದು ಎದ್ದು ನಿಂತ. ನಿಂತದ್ದೇ ಎರಡು ಉಸಿರು. ಆಮೇಲೆ ಅತ್ತ. ಅವನು ಅತ್ತದ್ದನ್ನು ಅತ್ತೆಯ ಮನೆ ಬಿಟ್ಟ ಮೇಲೆ ನೋಡಿರಲಿಲ್ಲ.

ಮಾರ್ಚ್ 14, ಶನಿವಾರ

ಮೇಲಿನ ಬಚ್ಚಲಿನ ಕೊಳಾಯಿ ಸೋರುತ್ತಿತ್ತು. ರಿಪೇರಿಯವನು ಹೊಸದೇ ಹಾಕಬೇಕು ಎಂದ. ನಮ್ಮ ಕೊಳಾಯಿ ಹಳೆಯ ಕಾಲದ ಗಟ್ಟಿ ಹಿತ್ತಾಳೆ, ವಾಷರ್ ಬದಲಾಯಿಸಿದರೆ ಸಾಕು ಎಂದು ಜಗಳವಾಡಿದೆ. ವಾಷರ್ ಬದಲಾಯಿಸಿದ, ಸೋರುವುದು ನಿಂತಿತು. ತೊಳೆದ ಬಟ್ಟೆ ಮಳೆಗೆ ಸಿಕ್ಕಿ ಎಲ್ಲವೂ ಒದ್ದೆ. ಪೆಟ್ಟಿಗೆಯಲ್ಲಿಟ್ಟರೆ ಮುಗ್ಗುಲು ವಾಸನೆ ಹಿಡಿಯುತ್ತದೆಂದು ಬೀರುವಿನಲ್ಲಿ ಹರಡಿದೆ. ಕೆಲಸಕ್ಕೆ ಕೊನೆಯಿಲ್ಲ.

ಮಾರ್ಚ್ 18, ಬುಧವಾರ

ಡಾಕ್ಟರು ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಅಣ್ಣನಿಗೆ ಆಸ್ಪತ್ರೆಯಲ್ಲಿ ಮಾಡುವಂಥದ್ದು ಇನ್ನೇನೂ ಉಳಿದಿಲ್ಲವಂತೆ. ಬಲಗೈ ಬರುವುದಿಲ್ಲ. ಮಾತು ಬಂದಷ್ಟು ಬರುತ್ತದೆ. ಮನೆಗೆ ಕರೆದುಕೊಂಡು ಹೋಗಬಹುದು, ಕೆಳಗಿನ ಮಹಡಿಯಲ್ಲಿ ಕೋಣೆ ಇದ್ದರೆ, ಜೊತೆಗೆ ಒಬ್ಬರು ವಾಸ ಇದ್ದರೆ. ಇಲ್ಲದಿದ್ದರೆ ಆರೈಕೆ ಗೃಹದಲ್ಲಿ ಹಾಸಿಗೆ ಹುಡುಕಿಕೊಡುತ್ತಾರಂತೆ.

“ಮನೇಲಿ ಯಾರಿದ್ದೀರ?” ಎಂದು ಕೇಳಿದರು.

ಲೋಕಕ್ಕೆಲ್ಲ ಈಗ ಇದೊಂದೇ ಪ್ರಶ್ನೆ ಉಳಿದಿದೆ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಬರುವ ದಾರಿಯಲ್ಲಿ ಆರೈಕೆ ಗೃಹವನ್ನೂ ನೋಡಿಕೊಂಡು ಬಂದೆ. ಕೆಟ್ಟದಾಗೇನಿಲ್ಲ. ನೆಲ ಹೊಳೆಯುತ್ತದೆ. ಒಂದು ಹಜಾರದಲ್ಲಿ ಮುದುಕರು ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಎದುರಿಗೆ ಒಬ್ಬಳು ಹುಡುಗಿ, ಯಾರು ಎಷ್ಟು ತಿಂದರು ಎಂದು ನೋಡಿ ಗುರುತು ಹಾಕಿಕೊಳ್ಳುತ್ತಿದ್ದಳು. ಅವಳ ಕೆಲಸ ಅದು. ಮುಖವೂ ಒಳ್ಳೆಯ ಮುಖ. ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾರ್ಚ್ 20, ಶುಕ್ರವಾರ

ಅಣ್ಣನಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಎರಡು ತೆರಿಗೆ, ಮರೆತ ಚೊಂಬು, ಪುಸ್ತಕದಲ್ಲಿ ನನ್ನ ಹೆಸರು, ಸಹಿ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಮಲಗಿಬಿಟ್ಟನೇನೋ ಎಂದುಕೊಂಡೆ.

“ನಾನು... ಬೇಡ,” ಎಂದ.

“ಏನು ಬೇಡ?”

“ನಿನಗೆ... ಬಲವಂತ. ಬೇಡ. ಅಲ್ಲಿ... ಇರ್ತೀನಿ.” ಆರೈಕೆ ಗೃಹದ ಮಾತು ಅವನಿಗೆ ಯಾರು ಹೇಳಿದರೋ.

“ಬಾಯಿ ಮುಚ್ಚು. ಅಲ್ಲಿ ನಿನ್ನ ಕಥೆ ಯಾರು ಕೇಳ್ತಾರೆ?”

“ಕಥೆ... ಎಲ್ಲಿದೆ ಈಗ?” ಎಂದು ತನ್ನ ಬಾಯಿ ತೋರಿಸಿದ.

ಅಷ್ಟು ವರ್ಷ ಕೊಟ್ಟ ಬಾಡಿಗೆಯನ್ನು ಏನು ಮಾಡಿದೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ, ಇವತ್ತು ಕೇಳಿದೆ. ಅವನ ಮುಖದ ಎಡಪಕ್ಕ ಅರಳಿತು. ಒಂದೊಂದೇ ಮಾತನ್ನು ಬಾವಿಯಿಂದ ಸೇದಿದ ಹಾಗೆ ಮೇಲೆ ಎಳೆದ.

“ಬ್ರೆಡ್ಡು. ಮೊಟ್ಟೆ. ಹಾಲು. ನೀನೇ... ತಿಂದೆ... ಕಣೇ.”

“ಎಲ್ಲನೂ?”

“ನಿನ್ನ... ಹೊಟ್ಟೆಗೇ... ಹೋಯ್ತು. ನನಗೆ... ಒಂದು ಕಾಸೂ... ಉಳೀಲಿಲ್ಲ.”

ನಕ್ಕು ನಕ್ಕು ಅವನಿಗೆ ಕೆಮ್ಮು ಬಂತು. ನರ್ಸು ಓಡಿಬಂದು ನನ್ನನ್ನು ಬೈದಳು.

ಮಾರ್ಚ್ 26, ಗುರುವಾರ

ಎರಡನೇ ಕಿಟಕಿ.

“ಸಹಿ ಹಾಕ್ತೀನಿ,” ಎಂದೆ. ನನ್ನ ಬಾಡಿಗೆಯೆಲ್ಲ ಬ್ರೆಡ್ಡು ಮೊಟ್ಟೆಗೇ ಹೋಯಿತೆಂದು ಅಣ್ಣ ಅಂದದ್ದನ್ನೂ ಹೇಳಿದೆ.

“ಒಳ್ಳೇದಾಯ್ತು. ಅಮ್ಮ, ಒಂದು ಮಾತು. ಅಣ್ಣ ತಂಗಿ ಅಂದ ಮೇಲೆ ಅದನ್ನ ಬಾಡಿಗೆ ಅಂತ ಯಾಕೆ ಕರೀಬೇಕು? ಮನೆಖರ್ಚಿಗೆ ಕೊಡ್ತಿದ್ದೆ ಅಂತ ಒಂದು ಸಾಲು ಬರೆದುಕೊಟ್ಟರೆ, ನಿಮ್ಮ ಹೆಸರಿನ ಬಾಕಿ ಪೂರ್ತಿ ಬಿಟ್ಟುಬಿಡಬಹುದು. ಸುಳ್ಳೇನಲ್ಲ, ಅವರು ಖರ್ಚಿಗೇ ಹಾಕಿದ್ದಾರಲ್ಲ.”

ಒಳ್ಳೆಯ ಹೆಂಗಸು. ಬಾಗಿಲು ತೆರೆದು ಹಿಡಿದು ನಿಂತಿದ್ದಾಳೆ. ನಾನು ತಲೆ ಬಗ್ಗಿಸಿ ಒಳಗೆ ಹೋದರೆ ಸಾಕು.

“ಅವನು ಖರ್ಚಿಗೆ ಹಾಕಿದ. ನಾನು ಬಾಡಿಗೆ ಅಂತ ಕೊಟ್ಟೆ. ತಗೊಂಡವನ ಮನಸ್ಸು ಒಂದು, ಕೊಟ್ಟವಳ ಮನಸ್ಸು ಒಂದು. ಉಪ್ಪು ತಿಂದವಳು ನಾನು, ನೀರು ನಾನೇ ಕುಡೀತೀನಿ. ಎರಡೂ ತೆರಿಗೆ ಹಾಕಿ.”

“ಸ್ವಂತ ಅಣ್ಣನ ಮನೆಗೆ ಅತಿಥಿ ತೆರಿಗೆ ಕಟ್ಟೋರನ್ನ ನಾನು ನೋಡಿಲ್ಲ.”

“ನೋಡಿ.”

ಅವಳು ಬರೆಯತೊಡಗಿದಳು. ಆಮೇಲೆ ಪೆನ್ನು ನಿಲ್ಲಿಸಿ, “ವಾಸ ಯಾವತ್ತಿಂದ?” ಎಂದಳು.

ಅದನ್ನು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಅಣ್ಣ ಬಿದ್ದ ದಿನವೇ? ಅಲ್ಲ, ಅವತ್ತು ಯಾವಾಗ ಇಲ್ಲಿಂದ ಬಿಡುಗಡೆ ಎಂದುಕೊಂಡಿದ್ದೆ. ಫೆ­ಬ್ರವರಿ ಕೊನೆಯೇ? ಆಗಲೂ ಹೋಗುವ ಮನಸ್ಸೇ ಇತ್ತು. ನಿನ್ನೆಯೇ? ನಿನ್ನೆ ಹೊಸದಾಗಿ ಏನೂ ಆಗಲಿಲ್ಲ. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿದರು.

“ಹೆಪ್ಪು ಹಾಕಿದ ಹಾಲು ಯಾವ ಗಳಿಗೆಗೆ ಮೊಸರಾಯ್ತು ಅಂತ ಹೇಗೆ ಹೇಳೋದು?”

“ಕಾನೂನಿಗೆ ಮೊಸರು ಗೊತ್ತಿಲ್ಲ ಅಮ್ಮ. ತಾರೀಖು ಬೇಕು.”

“ಹಾಗಾದ್ರೆ ಇವತ್ತಿಂದ ಬರೀರಿ. ನಿನ್ನೆವರೆಗೂ ತೆರಿಗೆ ಹಾಕಿ.”

ವಿಳಾಸಕ್ಕೆ ದಾಖಲೆ ಕೇಳಿದಳು. ನನ್ನ ಗುರುತಿನ ಚೀಟಿಯಲ್ಲಿ ಇರುವುದು ಎಂದೋ ಬಿಟ್ಟ ಬಾಡಿಗೆ ಕೋಣೆ. ಆ ಕಟ್ಟಡವನ್ನೇ ಕೆಡವಿದ್ದಾರೆ. ಪಿಂಚಣಿಯ ಕಾಗದಗಳು ಗೆಳತಿಯ ಮನೆಗೆ ಹೋಗುತ್ತವೆ. ಅವಳು ಒಂದನ್ನು ನೋಡಿ, ಇನ್ನೊಂದನ್ನು ನೋಡಿ, “ನೀವು ಎಲ್ಲೂ ಇಲ್ಲವಲ್ಲ ಅಮ್ಮ!” ಎಂದಳು. ತಮಾಷೆಗೆ ಅಂದದ್ದು. ಇಬ್ಬರೂ ನಗಲಿಲ್ಲ.

ಅಲ್ಲಿಂದ ನೇರ ಪಿಂಚಣಿ ಕಚೇರಿಗೆ ಹೋಗಿ ವಿಳಾಸ ಬದಲಾಯಿಸಲು ಬರೆದುಕೊಟ್ಟು, ಅವರ ಸ್ವೀಕೃತಿ ತಂದು ಎರಡನೇ ಕಿಟಕಿಗೆ ಕೊಟ್ಟೆ. ಆಮೇಲೆ ಡಾಕ್ಟರಿಗೂ ಹೇಳಿದೆ. ಕಾಲು ನೋಯುತ್ತಿದೆ.

ಮಾರ್ಚ್ 31, ಮಂಗಳವಾರ

ಗೆಳತಿ ಫೋನು ಮಾಡಿದ್ದಳು. “ಎಲ್ಲೇ ಸತ್ತೆ? ಎರಡು ವಾರ ಇರ್ತೀನಿ ಅಂದಿದ್ದೆಯಲ್ಲ, ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ಕಾಯ್ತಾ ಕೂತಿದ್ದೀನಿ.”

ಹೋಗಬೇಕಿತ್ತು ಎನ್ನುವುದೇ ನೆನಪಾಗಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ವಯಸ್ಸಾಯಿತು, ಮರೆವು ಶುರುವಾಗಿದೆ.

ಕೆಳಗಿನ ಮುಂದಿನ ಕೋಣೆಯ ಹೊಸ್ತಿಲು ಕೀಳಿಸಿದೆ, ಗಾಲಿಕುರ್ಚಿ ಬರಬೇಕಲ್ಲ. ಇನ್ನು ಆ ಕೋಣೆ ಬಾಡಿಗೆಗಿಲ್ಲ.

ಏಪ್ರಿಲ್ 6, ಸೋಮವಾರ

ಅಣ್ಣ ಬಂದ. ಆಂಬುಲೆನ್ಸಿನವರು ಇಳಿಸುವಾಗ ಇಡೀ ಬೀದಿ ಕಿಟಕಿಯಲ್ಲಿತ್ತು. ಅವನು ಎಡಗೈ ಎತ್ತಿ ಮೆರವಣಿಗೆಯಲ್ಲಿ ಹೋಗುವವನ ಹಾಗೆ ಎಲ್ಲರಿಗೂ ಕೈ ಬೀಸಿದ.

ಒಳಗೆ ಬಂದ ಮೇಲೆ ಮಂಚದಲ್ಲಿ ಕೂತು ಗೋಡೆ, ಸೂರು, ಪರದೆ ಎಲ್ಲವನ್ನೂ ನೋಡಿದ. ಈ ಕೋಣೆಯಲ್ಲಿ ಸಾವಿರ ಜನಕ್ಕೆ ಹಾಸಿಗೆ ಹಾಸಿದ್ದಾನೆ, ಒಂದು ದಿನವೂ ಮಲಗಿದವನಲ್ಲ. ಕೈಯಲ್ಲಿ ಹಾಸಿಗೆ ಒತ್ತಿ ನೋಡಿ, “ಗಟ್ಟಿ,” ಎಂದ. “ಪಾಪ... ಅವರು... ಹೇಗೆ ಮಲಗ್ತಿದ್ರು?”

ಊಟ ತಿನ್ನಿಸಲು ಹೋದೆ. ಚಮಚ ಎತ್ತಿದವಳು ಅವನ ಬಾಯಿಯನ್ನೇ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅದು ನನಗೇ ತಿಳಿದು ಕಣ್ಣು ಬೇರೆ ಕಡೆಗೆ ತಿರುಗಿಸಿದೆ. ಸಾರು ಅಂಗಿಯ ಮೇಲೆ ಚೆಲ್ಲಿತು.

“ನೋಡಿ... ಹಾಕೇ, ಮಾರಾಯ್ತಿ,” ಎಂದ.

ನೋಡಿ ಹಾಕಿದೆ.

ಏಪ್ರಿಲ್ 15, ಬುಧವಾರ

ಪರವಾನಗಿ ಬಂದಿದೆ. ಈ ಮೂರು ತಿಂಗಳ ಊರಿನ ತೆರಿಗೆ ಕಟ್ಟಿದ್ದೇನೆ, ನನ್ನದೂ ಸೇರಿ. ಸೀದಾ ಬಂದವರ ರಾಜ್ಯದ ತೆರಿಗೆಯನ್ನೂ ಕಟ್ಟಿದೆ. ಹಳೆಯ ಬಾಕಿಯ ಮೊದಲ ಕಂತೂ ಹೋಯಿತು. ಬುಕಿಂಗ್ ಪುಟದಲ್ಲಿ ‘ಊರಿನ ತೆರಿಗೆ ಬೇರೆ, ಬಂದ ಮೇಲೆ ಕೊಡಬೇಕು’ ಎಂದು ಹಾಕಿಸಿದೆ. ಕಿವಿಯಂತ್ರದವನು ಅದನ್ನು ಓದಿ ಫೋನು ಮಾಡಿ ಕೂಗಾಡಿದ, ಶನಿವಾರ ಬರುತ್ತಾನಂತೆ.

ಬೆಳಗ್ಗೆ ಮೇಲಿನ ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದೆ. ಕೆಳಗೆ ಅಂಚೆಯವನ ದನಿ ಕೇಳಿತು. ಹೊಸಬ. ಅಣ್ಣ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದ.

“ಪಿಂಚಣಿ ಕಚೇರಿಯಿಂದ ಒಂದು ಕಾಗದ ಇದೆ ಯಜಮಾನ್ರೇ. ಈ ಹೆಸರಿನ ಅತಿಥಿ ಯಾರಾದ್ರೂ ಇಲ್ಲಿ ಇಳ್ಕೊಂಡಿದ್ದಾರಾ?” ಎಂದು ನನ್ನ ಹೆಸರು ಓದಿದ.

ಅಣ್ಣನಿಂದ ಉತ್ತರವಿಲ್ಲ. ಮಾತು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತು, ಅಂಚೆಯವನಿಗೆ ಗೊತ್ತಿಲ್ಲ. ಮೆಟ್ಟಿಲ ತುದಿಗೆ ಬಂದು ನಿಂತೆ. ನಾನೇ ಕೂಗಿ ಹೇಳಬಹುದಿತ್ತು. ಸುಮ್ಮನೆ ನಿಂತೆ.

“ಇಲ್ಲ ಅಂದ್ರೆ ವಾಪಸ್ ಬರೆದುಬಿಡ್ತೀನಿ ಯಜಮಾನ್ರೇ.”

“ಅತಿಥಿ ಅಲ್ಲ,” ಎಂದ ಅಣ್ಣ. ಒಂದು ಉಸಿರು ಬಿಟ್ಟು, ಎಲ್ಲೂ ತೊದಲದೆ, “ಮೇಲಿದ್ದಾಳೆ. ಕೂಗು,” ಎಂದ.

ಅಂಚೆಯವನು ಕೂಗಿದ. ‘ಬಂದೆ’ ಎಂದೆ. ಹಾಸಿಗೆಯ ಒಂದು ಮೂಲೆ ಬಾಕಿ ಇತ್ತು. ಅದನ್ನು ಮಡಚಿ ಸಿಕ್ಕಿಸಿ, ಇಳಿದು ಹೋದೆ.